ಕಟ್ಟೆಯ ಎತ್ತರ

ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿ. ಅಗಸಿ ದಾಟಿದ ಕೂಡಲೇ ಬೇವಿನ ಗಿಡ, ಗಿಡದ ಸುತ್ತ ಕಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಆ ಕಟ್ಟೆಯ ಮೇಲೆ ಆರು ಮಂದಿ ಹಿರಿಯರು ಕೂಡುತ್ತಾರೆ. ಯಾರು ಎಲ್ಲಿ ಕೂಡಬೇಕೆಂದು ಯಾರೂ ಗೆರೆ ಎಳೆದಿಲ್ಲ, ಆದರೂ ಜಾಗ ಅದಲುಬದಲಾಗುವುದಿಲ್ಲ. ನಾನು ಹೋದ ದಿನ ಐದೇ ಮಂದಿ ಇದ್ದರು. ಕಟ್ಟೆಯನ್ನು ಆಗಷ್ಟೇ ಹೊಸದಾಗಿ ಕಟ್ಟಿದ್ದರು. ಹಳೆಯ ಕಲ್ಲು ಕಿತ್ತು, ಕಾಂಕ್ರೀಟು ತುಂಬಿ, ಮೇಲೆ ಮುಖ ಕಾಣುವಷ್ಟು ನುಣುಪಾದ ಕರಿ ಗ್ರಾನೈಟು ಹೊದಿಸಿದ್ದರು. ಬೊಡ್ಡೆಗೆ ಬೆನ್ನು ಕೊಟ್ಟು ಕೂರುವ ಒಳ್ಳೆಯ ಜಾಗವೊಂದು ಖಾಲಿ ಇತ್ತು. ನಾನು ಅತ್ತ ಸರಿದೆ.

"ಅಲ್ಲಿ ಬ್ಯಾಡ್ರಿ, ಇತ್ಲಾಗ ಬರ್ರಿ," ಎಂದರು ಒಬ್ಬರು. ಅದು ಆರನೆಯವರ ಜಾಗ. ಮೂರು ವಾರದಿಂದ ಅವರು ಬಂದಿಲ್ಲ. ಜ್ವರ ಬಂದು ಮಲಗಿದ್ದರಂತೆ. "ಜ್ವರ ಬಿಟ್ಟು ಹತ್ತು ದಿನ ಆತು. ಉಣ್ಣಾಕತ್ಯಾನ, ಮಾತಾಡಾಕತ್ಯಾನ. ಆದ್ರ ಈ ಕಡೆ ಬರವಲ್ಲ ನೋಡ್ರಿ."

ಯಾಕೆ ಬರುತ್ತಿಲ್ಲ? ಐದು ಮಂದಿಯ ಬಳಿ ನಾಲ್ಕು ಉತ್ತರವಿದ್ದವು. ಜ್ವರದಲ್ಲಿ ಕಾಲಿನ ಕಸುವು ಹೋಗಿದೆ ಎಂದರು ಒಬ್ಬರು. ಇನ್ನೊಬ್ಬರು ಕಿವಿ ತೋರಿಸಿದರು: "ಗಿರಣ್ಯಾಗ ದುಡದಾಂವ. ಕೇಳಸೂದಿಲ್ಲ ಅವಗ, ನಾವು ನಕ್ಕಿದ್ದು ಸಿಟ್ಟ ಬಂದಿರಬೇಕು." ಮಕ್ಕಳ ಪಾಲಿನ ಜಗಳವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಎಂಬುದು ಮೂರನೆಯ ಅಂದಾಜು. "ವಯಸ್ಸಾತು, ಇನ್ನೇನು," ಎಂದು ನಾಲ್ಕನೆಯವರು ಕೈ ತಿರುವಿದರು. ಐದನೆಯವರು ಏನೂ ಹೇಳಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು.

ಮುಪ್ಪನ್ನು ಅಧ್ಯಯನ ಮಾಡುವ ವಿಜ್ಞಾನಿಗಳು ಐವತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯೂ ಇದೇ. ಹಿರಿಯರು ಕಟ್ಟೆಗೆ ಬರುವುದನ್ನು ಬಿಡುವುದು ಯಾಕೆ, ಬಿಟ್ಟರೆ ದೇಹಕ್ಕೆ ಏನಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಈ ವಿಷಯದ ಮೇಲೊಂದು ನೀತಿ ಚೌಕಟ್ಟು ಹೊರತಂದಿತು. ನಮ್ಮ ಸರಕಾರಿ ಕಾಗದಗಳಲ್ಲಿ ಈಗ ಓಡಾಡುವ 'ಸಕ್ರಿಯ ವೃದ್ಧಾಪ್ಯ' ಎಂಬ ಮಾತು ಜನರ ನಾಲಿಗೆಗೆ ಬಂದದ್ದು ಹೆಚ್ಚಾಗಿ ಅಲ್ಲಿಂದ. ಮಾತೇನೋ ಗಟ್ಟಿ, ಆದರೆ ಹಾದಿ ತಪ್ಪಿಸುವಂಥದ್ದು. 'ಸಕ್ರಿಯ' ಎಂದ ಕೂಡಲೇ ಬಿಳಿ ಬೂಟು ಹಾಕಿಕೊಂಡು ಬೆಳಗಿನ ಜಾವ ಬಿರಬಿರನೆ ನಡೆಯುವ ನಿವೃತ್ತ ಅಧಿಕಾರಿ ಕಣ್ಣಿಗೆ ಕಟ್ಟುತ್ತಾರೆ. ಹಾಗೆ ತಿಳಿಯಬೇಡಿ ಎಂದು ಆ ದಾಖಲೆಯೇ ಹೇಳುತ್ತದೆ. ಮನೆ, ಊರು, ದೇವರು, ದುಡ್ಡು, ಪಂಚಾಯ್ತಿ, ಹಾಡು ಈ ಎಲ್ಲದರಲ್ಲೂ ಪಾಲುಗೊಳ್ಳುತ್ತಿರುವುದೇ ಅದರ ಅರ್ಥದಲ್ಲಿ ಸಕ್ರಿಯವಾಗಿರುವುದು. ಆರೋಗ್ಯ, ಭಾಗವಹಿಸುವಿಕೆ, ಭದ್ರತೆ ಎಂಬ ಮೂರು ಕಂಬಗಳ ಮೇಲೆ ಆ ಚೌಕಟ್ಟು ನಿಂತಿತ್ತು. 2015ರಲ್ಲಿ ಅದೇ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಬ್ಬ ಹಿರಿಯ ಏನು ಮಾಡಬಲ್ಲ ಎಂಬುದು ಅವನ ಮೈಯೊಳಗಿನ ಕಸುವಿನಿಂದಷ್ಟೇ ತೀರ್ಮಾನವಾಗುವುದಿಲ್ಲ, ಆ ಕಸುವು ಅವನ ಸುತ್ತಲ ಲೋಕದೊಡನೆ ಹೊಂದುತ್ತದೋ ಇಲ್ಲವೋ ಎಂಬುದೂ ಅಷ್ಟೇ ಮುಖ್ಯ ಎಂದಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಹಿರಿಯರ ಬದುಕನ್ನು ಅಳೆಯಲು ನಡೆದ ಅತಿ ದೊಡ್ಡ ಪ್ರಯತ್ನ 'ಲಾಸಿ' ಎಂಬ ಸಮೀಕ್ಷೆ. ಮೊದಲ ಸುತ್ತು 2017-18ರಲ್ಲಿ ನಡೆಯಿತು. 45 ದಾಟಿದ 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದರು. ಸಾಮಾಜಿಕ ಒಡನಾಟ ಅಳೆಯಲು ಅದರಲ್ಲೊಂದು ಪಟ್ಟಿ ಇದೆ: ಹೋಟೆಲಿಗೆ ಹೋಗುತ್ತೀರಾ, ಉದ್ಯಾನಕ್ಕೋ ಕಡಲ ತಡಿಗೋ ಹೋಗುತ್ತೀರಾ, ಇಸ್ಪೀಟು ಆಡುತ್ತೀರಾ, ನೆಂಟರ ಮನೆಗೆ ಹೋಗುತ್ತೀರಾ, ಭಜನೆ ಸತ್ಸಂಗಕ್ಕೆ, ಸಭೆಗೆ, ಸಿನಿಮಾಕ್ಕೆ? ಒಳ್ಳೆಯ ಪಟ್ಟಿಯೇ. ಆದರೆ ಗೋಕಾಕದಿಂದ ಕಡಲಿಗೆ ಹೋಗಲು ಘಟ್ಟ ಇಳಿಯಬೇಕು. ಅಗಸಿಯ ಕಟ್ಟೆಯನ್ನು ಯಾವ ಮನೆಗೆ ತುಂಬುವುದು? ಅದು ಉದ್ಯಾನವಲ್ಲ, ಸಭೆಯಲ್ಲ, ನೆಂಟರ ಮನೆಯೂ ಅಲ್ಲ. ಆದರೆ ಊರಿನ ಗಂಡಸರಿಗೆ ಈ ಮೂರೂ ಅಲ್ಲೇ.

ಲೆಕ್ಕ ದೊಡ್ಡದಾಗುತ್ತಲೇ ಇದೆ. 2011ರ ಜನಗಣತಿಯಲ್ಲಿ 60 ದಾಟಿದ ಭಾರತೀಯರು ಸುಮಾರು 10.4 ಕೋಟಿ. 2031ರ ಹೊತ್ತಿಗೆ 19 ಕೋಟಿ ಮೀರುತ್ತಾರೆಂದು ಸರಕಾರದ್ದೇ ಅಂದಾಜು. ಕರ್ನಾಟಕದಲ್ಲಿ ಹಿರಿಯರ ಪಾಲು ದೇಶದ ಸರಾಸರಿಗಿಂತ ಮೊದಲಿನಿಂದಲೂ ತುಸು ಹೆಚ್ಚು.

ಒಡನಾಟಕ್ಕೂ ಆಯುಷ್ಯಕ್ಕೂ ಸಂಬಂಧವಿದೆ ಎಂದು ಅಂಕಿ ಹಿಡಿದು ತೋರಿಸಿದ ಮೊದಲ ದೊಡ್ಡ ಅಧ್ಯಯನ ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯದು. 1965ರಲ್ಲಿ ಅಲ್ಲಿನ 6,928 ಮಂದಿಯನ್ನು ಮದುವೆ, ಗೆಳೆಯರು, ನೆಂಟರು, ಚರ್ಚು, ಸಂಘ ಎಂದೆಲ್ಲ ವಿಚಾರಿಸಿ ಬರೆದಿಟ್ಟರು. ಒಂಬತ್ತು ವರ್ಷಗಳಲ್ಲಿ ಯಾರು ತೀರಿಕೊಂಡರು, ಯಾರು ಉಳಿದರು ಎಂದು ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಲೆಕ್ಕ ಹಾಕಿ 1979ರಲ್ಲಿ ಪ್ರಕಟಿಸಿದರು. ನಂಟು ತೀರ ಕಡಿಮೆ ಇದ್ದವರಲ್ಲಿ ಸಾವಿನ ಸಾಧ್ಯತೆ, ನಂಟು ಹೆಚ್ಚಿದ್ದವರಿಗೆ ಹೋಲಿಸಿದರೆ, ಗಂಡಸರಲ್ಲಿ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಇತ್ತು. 2010ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಜೊತೆಗಾರರು ಇಂಥ 148 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಮೂರು ಲಕ್ಷಕ್ಕೂ ಮಿಕ್ಕ ಜನರ ಲೆಕ್ಕ ಅದು. ಬಾಂಧವ್ಯ ಗಟ್ಟಿ ಇದ್ದವರು ಬದುಕುಳಿಯುವ ಸಂಭವ ಶೇ 50ರಷ್ಟು ಹೆಚ್ಚು ಎಂದು ಬಂತು. ಬೀಡಿ ಬಿಡುವುದರಿಂದ ಆಗುವ ಲಾಭದ ಸಾಲಿನಲ್ಲೇ ಇದನ್ನು ಇಡಬಹುದೆಂದು ಅವರು ಬರೆದರು. ಕಟ್ಟೆಯ ಮೇಲೆ ಕೂತು ಬೀಡಿ ಸೇದುವವರ ಲೆಕ್ಕ ಹೇಗೆ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಇಲ್ಲೊಂದು ತೊಡಕಿದೆ. ಗಟ್ಟಿಮುಟ್ಟಾಗಿದ್ದವರೇ ಭಜನೆಗೆ ಹೋಗುತ್ತಾರೆ, ಕಾಯಿಲೆಯವರು ಮನೆಯಲ್ಲಿ ಉಳಿಯುತ್ತಾರೆ. ಹಾಗಿದ್ದಾಗ ಭಜನೆಯಿಂದ ಆರೋಗ್ಯ ಬಂತೋ, ಆರೋಗ್ಯದಿಂದ ಭಜನೆಗೆ ಬಂದರೋ? ಈ ಗಂಟು ಬಿಚ್ಚಲು ಜಪಾನಿನವರು ಹೂಡಿದ ಉಪಾಯ ನನಗೆ ಬಹಳ ಇಷ್ಟ. ಐಚಿ ಪ್ರಾಂತ್ಯದಲ್ಲಿ ತಾಕೆತೊಯೊ ಎಂಬ ಸಣ್ಣ ಪಟ್ಟಣವಿದೆ. 2007ರಲ್ಲಿ ಅಲ್ಲಿ ಹಿರಿಯರೇ ನಡೆಸುವ ಕೂಟಗಳು ಶುರುವಾದವು. ತಿಂಗಳಿಗೆ ಒಂದೆರಡು ಸಲ ಸೇರಿ ಹರಟೆ, ಕೈಕೆಲಸ, ಸಣ್ಣಪುಟ್ಟ ಕಸರತ್ತು. ಸಂಶೋಧಕರು ಯಾರು ಬಂದರು ಎಂದಷ್ಟೇ ನೋಡಲಿಲ್ಲ, ಕೂಟದ ಜಾಗ ಯಾರ ಮನೆಗೆ ಎಷ್ಟು ಹತ್ತಿರ ಬಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿದರು. ಮನೆ ಹತ್ತಿರವಿರುವುದು ಅದೃಷ್ಟ, ಅದಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ. ಹತ್ತಿರವಿದ್ದವರು ಹೆಚ್ಚಾಗಿ ಬಂದರು. ಬಂದವರಲ್ಲಿ ಮುಂದೆ ಇನ್ನೊಬ್ಬರ ಆರೈಕೆಗೆ ಬೀಳುವವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ ಒಡನಾಟಕ್ಕೆ ತನ್ನದೇ ಆದ ಬಲವಿದೆ, ಆ ಬಲ ಮುದುಕರನ್ನು ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಕೆಲವು ನೂರು ಹೆಜ್ಜೆಗಳ ಅಂತರ ತೀರ್ಮಾನಿಸುತ್ತದೆ.

ಈಗ ಮೊದಲನೆಯವರ ಅಂದಾಜಿಗೆ ಬರೋಣ: ಕಾಲಿನ ಕಸುವು.

ನಮ್ಮಲ್ಲಿ 'ಹಾಸಿಗೆ ಹಿಡಿದ' ಎನ್ನುತ್ತಾರೆ. ಹಾಸಿಗೆಯೇ ಅವನನ್ನು ಹಿಡಿಯುತ್ತದೆ ಎಂದರೆ ಹೆಚ್ಚು ಸರಿ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸರಾಸರಿ 67 ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಹನ್ನೆರಡು ಮಂದಿಯನ್ನು ಹತ್ತು ದಿನ ಮಲಗಿಸಿದರು. ಊಟಕ್ಕೆ ಕೊರತೆ ಮಾಡಲಿಲ್ಲ. ಹತ್ತನೆಯ ದಿನ ನೋಡಿದರೆ ಕಾಲುಗಳಿಂದ ಸುಮಾರು ಒಂದು ಕಿಲೊ ಮಾಂಸಖಂಡ ಕರಗಿತ್ತು. ಹಾಸಿಗೆ ಹಿಡಿಯದಿದ್ದರೂ, ವಯಸ್ಸಾದಂತೆ ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ನರಗಳಲ್ಲಿ ಕೆಲವು ಸಾಯುತ್ತವೆ. ಅವು ನಡೆಸುತ್ತಿದ್ದ ಎಳೆಗಳು ತಬ್ಬಲಿಯಾಗುತ್ತವೆ. ಪಕ್ಕದ ನರ ಒಂದಿಷ್ಟನ್ನು ಸಾಕಿಕೊಳ್ಳುತ್ತದೆ, ಉಳಿದವು ಬಾಡುತ್ತವೆ. ಮೊದಲು ಹೋಗುವುದು ವೇಗದ ಎಳೆಗಳು, ಅಂದರೆ ಮುಗ್ಗರಿಸಿದಾಗ ಥಟ್ಟನೆ ಕಾಲು ಮುಂದಿಡಲು, ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಬೇಕಾದವು. ಸಮತಟ್ಟು ದಾರಿಯಲ್ಲಿ ಎರಡು ಮೈಲಿ ನಡೆಯಬಲ್ಲ ಅಜ್ಜನೂ ಬಸ್ಸಿನ ಮೊದಲ ಮೆಟ್ಟಿಲ ಮುಂದೆ ತಡವರಿಸುವುದು ಇದಕ್ಕೇ. ಪಂಢರಪುರದ ದಿಂಡಿಯಲ್ಲಿ ದಿನಗಟ್ಟಲೆ ನಡೆಯುವ ವಯಸ್ಸಾದವರನ್ನು ನೋಡಿ. ನಡೆಯುವುದಕ್ಕೆ ಅವರು ಅಂಜುವುದಿಲ್ಲ, ನೆಲದಿಂದ ಏಳುವಾಗ ಮಾತ್ರ ಪಕ್ಕದವರ ಭುಜ ಹುಡುಕುತ್ತಾರೆ.

ಹೋದದ್ದು ಬಾರದು ಎಂದೇನೂ ಅಲ್ಲ. 1990ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಮಂದಿಯ ಕಾಲಿಗೆ ಭಾರ ಎತ್ತುವ ಕಸರತ್ತು ಹಚ್ಚಿದರು. ಎಂಟು ವಾರ ಪೂರೈಸಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ತೊಂಬತ್ತರ ಸ್ನಾಯುವಿಗೂ ಕೆಲಸ ಕೊಟ್ಟರೆ ಅದು ಬೆಳೆಯುತ್ತದೆ. ಮುದುಕರು ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ಅದೂ ಗರಡಿಮನೆಯೇ.

ಎರಡನೆಯ ಅಂದಾಜು, ಕಿವಿ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಲ್ಲಿ, ಘಟಪ್ರಭೆ ಧುಮುಕುವ ಬಲದಿಂದಲೇ ತಿರುಗತೊಡಗಿದ್ದು. ಕೊಣ್ಣೂರು ಮತ್ತು ಸುತ್ತಲ ಹಳ್ಳಿಗಳ ಎಷ್ಟೋ ಮನೆಗಳ ಎರಡು ಮೂರು ತಲೆಮಾರು ಅದರ ಸೈರನ್ನಿಗೆ ಎದ್ದಿದೆ. ಎಂಟು ತಾಸು 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತರೆ ಒಳಗಿವಿಯ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮುಪ್ಪು ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಇಬ್ಬರೂ ಮೊದಲು ಕದಿಯುವುದು ಎತ್ತರದ ಸ್ವರಗಳನ್ನು. ಮಾತಿನಲ್ಲಿ ಸ, ಶ, ಚ, ತ, ಕ, ಪ ಮಸುಕಾಗುತ್ತವೆ. ಅ, ಆ, ಮ, ನ ಉಳಿಯುತ್ತವೆ. ಹಾಗಾಗಿ ಅಜ್ಜನಿಗೆ ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ತಿಳಿಯುವುದಿಲ್ಲ. "ಸಂತಿಗಿ ಬರ್ತಿಯೇನೋ?" ಎಂದು ಗೆಳೆಯ ಕೇಳಿದರೆ "ಕಂತು ಹೋದ ತಿಂಗಳಽ ತುಂಬೇನಿ" ಎಂಬ ಉತ್ತರ ಬರುತ್ತದೆ. ಕಟ್ಟೆಯೆಲ್ಲ ನಗುತ್ತದೆ. ಎರಡು ಸಲ ನಕ್ಕರೆ ಅಜ್ಜನೂ ನಗುತ್ತಾನೆ, ಹತ್ತನೆಯ ಸಲ ಬರುವುದನ್ನು ಬಿಡುತ್ತಾನೆ. ಜೋರಾಗಿ ಕೂಗಿದರೂ ಪ್ರಯೋಜನವಿಲ್ಲ, ಕೂಗು ಉಳಿದಿರುವ ಸ್ವರಗಳನ್ನೇ ದೊಡ್ಡದು ಮಾಡುತ್ತದೆ. ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಬೇಕು.

ಕಿವಿಯ ನಷ್ಟ ಕಿವಿಯಲ್ಲೇ ನಿಲ್ಲುವುದಿಲ್ಲ. ಮರೆಗುಳಿ ರೋಗದ ಕುರಿತು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ ನಾವು ತಿದ್ದಬಹುದಾದ ಹದಿನಾಲ್ಕು ಕಾರಣಗಳಿವೆ. ಕಿವುಡು, ಮಂದದೃಷ್ಟಿ, ಒಂಟಿತನ ಮೂರೂ ಅದರಲ್ಲಿವೆ. 2023ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ, 70ರಿಂದ 84ರ ನಡುವಿನ 977 ಮಂದಿಯ ಪೈಕಿ ಒಂದು ಗುಂಪಿಗೆ ಶ್ರವಣಯಂತ್ರ ಮತ್ತು ಅದನ್ನು ಬಳಸುವ ತರಬೇತಿ ಕೊಟ್ಟರು. ಒಟ್ಟಾರೆ ನೋಡಿದರೆ ಮೂರು ವರ್ಷದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯದಂಚಿನಲ್ಲಿದ್ದವರಲ್ಲಿ ಬುದ್ಧಿಯ ಕುಸಿತ ಶೇ 48ರಷ್ಟು ನಿಧಾನವಾಯಿತು. ಕನ್ನಡಕ ಹಾಕಿಕೊಳ್ಳಲು ನಾಚದ ನಮ್ಮವರು ಕಿವಿಗೆ ಯಂತ್ರ ಹಾಕಿಕೊಳ್ಳಲು ನಾಚುತ್ತಾರೆ. ನಾಚಿಕೆ ಬಿಟ್ಟವರೂ ಮೊದಲ ವಾರ "ಬರೇ ಗದ್ದಲ" ಎಂದು ಅದನ್ನು ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ. ಹೊಸ ಸದ್ದಿಗೆ ಮೆದುಳು ಒಗ್ಗಲು ವಾರಗಳು ಬೇಕೆಂದು ಕೊಟ್ಟವರು ಹೇಳಿರುವುದಿಲ್ಲ.

ಮೆದುಳಿನ ಮಾತು ಬಂದಾಗ ಈ ಸೀಮೆಗೊಂದು ಸಂತೋಷದ ಸುದ್ದಿ ಇದೆ. ಸಂಕೇಶ್ವರದ ಪೇಟೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿ ಒಂದು ಗಿರಾಕಿಗೆ ಕನ್ನಡ, ಮತ್ತೊಂದಕ್ಕೆ ಮರಾಠಿ, ಮೂರನೆಯದಕ್ಕೆ ಉರ್ದು ಬೆರೆಸಿದ ಹಿಂದಿ ಆಡುತ್ತಾಳೆ. ಓದು ಬರಹ ಇರಲಿಕ್ಕಿಲ್ಲ. ಆದರೆ ಪ್ರತಿ ಮಾತಿಗೂ ಅವಳ ಮೆದುಳು ಎರಡು ಭಾಷೆಗಳನ್ನು ತಡೆದು ಮೂರನೆಯದನ್ನು ಹೊರಗೆ ಬಿಡುತ್ತಿರುತ್ತದೆ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳ ದಾಖಲೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಶಾಲೆಯ ಮುಖ ಕಾಣದವರಲ್ಲೂ ಈ ವ್ಯತ್ಯಾಸ ಇತ್ತು, ಹಾಗಾಗಿ ಇದನ್ನು ಓದಿನ ಫಲ ಎಂದು ತಳ್ಳಿಹಾಕುವಂತಿರಲಿಲ್ಲ. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಗಡಿಯ ಭಾಷೆಗಳನ್ನು ಬರೀ ಜಗಳದ ವಿಷಯವಾಗಿ ನೋಡುವ ನಮಗೆ ಇದು ತುಸು ಬೇರೆ ನೋಟ ಕೊಡುತ್ತದೆ.

ಕೆಲವು ಬಗೆಯ ಬುದ್ಧಿ ಮುಪ್ಪಿನಲ್ಲೂ ಬೇಗ ಕುಗ್ಗುವುದಿಲ್ಲ. ಮನಶ್ಶಾಸ್ತ್ರಜ್ಞ ರೇಮಂಡ್ ಕೆಟೆಲ್ ಬುದ್ಧಿಯನ್ನು ಎರಡಾಗಿ ಒಡೆದರು: ಹೊಸ ಒಗಟನ್ನು ಥಟ್ಟನೆ ಬಿಡಿಸುವ ಹರಿಯುವ ಬುದ್ಧಿ, ಬದುಕಿನುದ್ದಕ್ಕೂ ಕೂಡಿಬಂದ ಹರಳುಗಟ್ಟಿದ ಬುದ್ಧಿ. ಮೊದಲನೆಯದು ಹರೆಯದ ನಂತರ ಇಳಿಯುತ್ತ ಹೋಗುತ್ತದೆ, ಎರಡನೆಯದು ಎಪ್ಪತ್ತರವರೆಗೂ ಹೆಚ್ಚುಕಡಿಮೆ ನಿಲ್ಲುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಮೂಡಲಗಿಯ ದನದ ಸಂತೆಗೆ ಹೋಗಬೇಕು. ಎತ್ತಿನ ದವಡೆ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಹೇಳಲು ಮುದುಕರಿಗೆ ಒಂದು ಗಳಿಗೆ ಸಾಕು. ಆಮೇಲೆ ಟವಲಿನ ಮರೆಯಲ್ಲಿ ಇಬ್ಬರ ಬೆರಳು ಬೆರಳಿಗೆ ತಾಗುತ್ತವೆ, ಬೆಲೆ ಏರುತ್ತದೆ, ಇಳಿಯುತ್ತದೆ, ಸುತ್ತ ನಿಂತವರಿಗೆ ಒಂದಂಕಿಯೂ ತಿಳಿಯುವುದಿಲ್ಲ. ಪಕ್ಕದಲ್ಲಿ ಮೊಮ್ಮಗ ಮೊಬೈಲು ಹಿಡಿದು ನಿಂತಿರುತ್ತಾನೆ, ಆದರೆ ಅವನು ಬರೇ ದುಡ್ಡು ಕಳಿಸುವವನು. ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಅವರ ಹೆಸರಿನಿಂದ ನಾಡಿಗೆ ಗೊತ್ತಿರುವ ಕೃಷ್ಣಪಾರಿಜಾತದ್ದೂ ಇದೇ ಕತೆ. ಪಾರಿಜಾತದ ಮೇಳದಲ್ಲಿ ಕುಣಿಯುವ ಕಾಲು ದಣಿದರೆ ಹಿಮ್ಮೇಳವಿದೆ, ಹಿಮ್ಮೇಳದ ದನಿ ನಡುಗಿದರೆ ಎಳೆಯರಿಗೆ ಹೇಳಿಕೊಡುವ ಕೆಲಸವಿದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದದ್ದು 2018ರಲ್ಲಿ, 81ರ ವಯಸ್ಸಿನಲ್ಲಿ. ಎಲ್ಲರೂ ಕಂಬಾರರಲ್ಲ, ನಿಜ. ಆದರೆ ಈ ಉದಾಹರಣೆಗಳಲ್ಲೆಲ್ಲ ಒಂದು ಅಂಶ ಸಮಾನ. ಹಿರಿಯರನ್ನು ಯಾರೂ ಹೊತ್ತು ಕಳೆಯಲು ಕರೆಯಲಿಲ್ಲ, ಅವರು ಬೇಕಾಗಿದ್ದಾರೆಂದು ಕರೆದರು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಬರದಿದ್ದರೆ "ಯಾಕ ಬಂದಿಲ್ಲ?" ಎಂದು ಕೇಳುವವರು ಇರುವ ಕಡೆ ಹೋಗುವುದು ಬೇರೆ, ಕಾರ್ಯಕ್ರಮವೊಂದರ ಕುರ್ಚಿ ತುಂಬುವುದು ಬೇರೆ. ಅಕ್ಟೋಬರ್ 1ರಂದು ಹಿರಿಯ ನಾಗರಿಕರ ದಿನವೆಂದು ಶಾಲು ಹೊದಿಸಿ, ಚೀಲ ಕೊಟ್ಟು, ಭಾಷಣ ಕೇಳಿಸಿ ಕಳಿಸುತ್ತಾರಲ್ಲ, ಅದು ಎರಡನೆಯ ಜಾತಿಯದು.

ಬೇಕಾಗಿರುವ ಕೆಲಸಗಳೇ ಈ ಸೀಮೆಯಲ್ಲಿ ಕಡಿಮೆಯಾಗುತ್ತಿವೆ. ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಬಂತು, ಕಾಲುವೆ ಹರಿಯಿತು, ಜೋಳ ಇದ್ದಲ್ಲಿ ಕಬ್ಬು ನಿಂತಿತು. ದುಡ್ಡು ಬಂತು, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಜೋಳದ ಹೊಲದಲ್ಲಿ ಮುದುಕರಿಗೆ ಎಷ್ಟು ಕೆಲಸವಿತ್ತು ನೋಡಿ: ಹಕ್ಕಿ ಕಾಯುವುದು, ಬೀಜಕ್ಕೆ ತೆನೆ ಆರಿಸುವುದು, ಕಣದಲ್ಲಿ ಹಂತಿ ಹೊಡೆಯುವಾಗ ಪದ ಹೇಳುವುದು, ತೂರುವಾಗ ಗಾಳಿಯ ದಿಕ್ಕು ನೋಡುವುದು. ಕಸುವು ಕಡಿಮೆ ಸಾಕು, ಕಣ್ಣು ಬಾಯಿ ಅನುಭವ ಬೇಕು. ಕಬ್ಬಿನಲ್ಲಿ ಅಂಥ ಹಗುರ ಕೆಲಸವಿಲ್ಲ. ಕಡಿಯುವವರು ತಂಡವಾಗಿ ಹೊರಗಿನಿಂದ ಬರುತ್ತಾರೆ, ಟ್ರ್ಯಾಕ್ಟರು ಒಯ್ಯುತ್ತದೆ, ಕಾರ್ಖಾನೆಯ ಬಿಲ್ಲು ಮಗನ ಖಾತೆಗೆ ಬೀಳುತ್ತದೆ. ಅಜ್ಜನಿಗೆ ಉಳಿದದ್ದು ಕಟ್ಟೆ.

ಅಜ್ಜಿಗೆ? ಅಗಸಿಯ ಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ. ಅವರ ಕೂಟ ಹಿತ್ತಲಲ್ಲಿ, ಪಡಸಾಲೆಯಲ್ಲಿ, ಗುಡಿಯ ಬದಿಯಲ್ಲಿ, ಮತ್ತು ಅದಕ್ಕೆ ಯಾವಾಗಲೂ ಒಂದು ಕೆಲಸದ ನೆಪ ಬೇಕು. ಬೀಸುಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದವೂ ಹೋಯಿತು. ಉಳಿದದ್ದು ಬೇಸಿಗೆಯ ಶ್ಯಾವಿಗೆ, ಸಂಡಿಗೆ, ಮತ್ತು ಕೌದಿ. ಹಳೆಯ ಸೀರೆ, ಧೋತರ, ಮೊಮ್ಮಕ್ಕಳ ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ನಾಲ್ಕು ಮಂದಿ ನಾಲ್ಕು ಬದಿಗೆ ಕೂತು ಹೊಲಿಯತೊಡಗುತ್ತಾರೆ. ಕಣ್ಣು ಮಂದವಾದವಳಿಗೆ ಚಿಕ್ಕ ಹುಡುಗಿ ಸೂಜಿ ಪೋಣಿಸಿ ಕೊಡುತ್ತಾಳೆ. ಬಣ್ಣ ಆರಿಸಬೇಕು, ಹೊಲಿಗೆಯ ಸಾಲು ಸೊಟ್ಟಗಾಗದಂತೆ ಎದುರಿನವಳ ಸಾಲಿಗೆ ಕೂಡಿಸಬೇಕು, "ಇದು ಯಾರ ಸೀರಿಯವ್ವಾ?" ಎಂದು ಕೇಳಿದರೆ ಆ ಸೀರೆ ಉಟ್ಟ ಮದುವೆಯ ಕತೆ ಹೇಳಬೇಕು. ಬೆರಳು, ಕಣ್ಣು, ಲೆಕ್ಕ, ನೆನಪು, ಮಾತು ಐದೂ ಒಟ್ಟಿಗೆ. ಮೆದುಳಿನ ಕಸರತ್ತೆಂದು ನಗರಗಳಲ್ಲಿ ಮೊಬೈಲ್ ಆಟ ಮಾರುವವರು ಇದನ್ನೊಮ್ಮೆ ಕೂತು ನೋಡಬೇಕು.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಬಿಟ್ಟಿಯಾಯಿತು. ಶಕ್ತಿ ಯೋಜನೆಯ ಪರವಾಗಿ, ವಿರೋಧವಾಗಿ ಸಾಕಷ್ಟು ಶಾಯಿ ಖರ್ಚಾಗಿದೆ. ಮುಪ್ಪಿನ ವಿಜ್ಞಾನ ಬಲ್ಲವರ ಕಣ್ಣಿನಿಂದ ನೋಡಿದರೆ ಅದು ಅಂತರವನ್ನು ಕುಗ್ಗಿಸಿದ ಯೋಜನೆ, ತಾಕೆತೊಯೊದ ಕೂಟದ ಹಾಗೆ. ಗೋಕಾಕದಿಂದ ಸವದತ್ತಿ ಕಡೆಗಿನ ಬಸ್ಸಿನಲ್ಲಿ ಹುಣ್ಣಿಮೆಗೆ ಕೂತ ಅಜ್ಜಿಯರು ಯಲ್ಲಮ್ಮನ ಗುಡ್ಡಕ್ಕೇ ಹೊರಟಿರುತ್ತಾರೆ ಎಂದೇನಿಲ್ಲ. ನಡುವೆ ಮಗಳ ಊರಿದೆ, ತಂಗಿಯ ಊರಿದೆ. ಮೊದಲು ಟಿಕೆಟ್ಟಿಗೆ ಮಗನ ಮುಂದೆ ಕೈ ಚಾಚಬೇಕಿತ್ತು, ಯಾಕೆ ಎಂದು ಹೇಳಬೇಕಿತ್ತು. ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಗೃಹಲಕ್ಷ್ಮಿಯ 2,000 ಸೇರಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. 2024ರಲ್ಲಿ ನೆರೆಯ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ದುಡ್ಡಿನಲ್ಲಿ ಊರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಲವರಿಗೆ ಅದು ದುಂದು ಎನಿಸಿತು. ನನಗೆ ಹಾಗನಿಸಲಿಲ್ಲ. ಜೀವಮಾನವೆಲ್ಲ ಊರಿನ ಪಂಕ್ತಿಯಲ್ಲಿ ಉಂಡು ಎದ್ದವಳು ಒಂದು ಸಲ ಬಡಿಸುವ ಕಡೆಗೆ ನಿಂತಳು.

ದುಡ್ಡು ಬಂದರೂ ಬೆರಳು ಕೈಕೊಡುವುದುಂಟು. ವರ್ಷಗಟ್ಟಲೆ ಸುಣ್ಣ, ಸಾಬೂನು, ಗುದ್ದಲಿಯ ಕಾವು ಹಿಡಿದ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ವಯಸ್ಸಿಗೆ ಚರ್ಮವೂ ಒಣಗಿರುತ್ತದೆ. ದುಡ್ಡು ಕೊಡುವ ಮುನ್ನ ಬೆರಳಚ್ಚು ನೋಡುವ ಯಂತ್ರ ಅದನ್ನು ಗುರುತಿಸುವುದಿಲ್ಲ. "ನೀ ನೀನಲ್ಲ ಅಂತೈತಿ ಬೇ ಇದು," ಎಂದು ಯಂತ್ರ ಹಿಡಿದ ಹುಡುಗ ನಗುತ್ತ ಹೇಳಿದ್ದನ್ನು ಒಂದು ಕಡೆ ಕೇಳಿದ್ದೇನೆ. ಅಜ್ಜಿ ನಗಲಿಲ್ಲ.

ಜಪಾನಿನ ಇನ್ನೊಂದು ಪಾಠವನ್ನು ಇಲ್ಲಿ ಹೇಳದೆ ಇರಲಾರೆ. 2011ರ ಸುನಾಮಿಯಲ್ಲಿ ಮನೆ ಕಳೆದುಕೊಂಡ ಇವಾನುಮಾ ಪಟ್ಟಣದ ಹಿರಿಯರಲ್ಲಿ ಕೆಲವರನ್ನು ನೆರೆಹೊರೆಯ ಸಮೇತ ಒಟ್ಟಿಗೆ ಸ್ಥಳಾಂತರಿಸಿದರು, ಕೆಲವರಿಗೆ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಮನೆ ಕೊಟ್ಟರು. ಒಟ್ಟಿಗೆ ಹೋದವರಲ್ಲಿ ಒಡನಾಟ ಹೆಚ್ಚಿತು, ಚೆದುರಿದವರಲ್ಲಿ ಕುಗ್ಗಿತು. ಊರು ಕಳೆದುಕೊಂಡವರು ನಮ್ಮಲ್ಲೂ ಇದ್ದಾರೆ. ಹಿಡಕಲ್ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತದೆ. ಜನ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ನೋಡಲು ಹೋಗುತ್ತಾರೆ. ಎಳೆಯರು ಗುಡಿಯ ಫೋಟೊ ತೆಗೆಯುತ್ತಾರೆ, ಮುಳುಗಿದ ಊರನ್ನು ಕಂಡಿದ್ದವರು ಗುಡಿಗೆ ಬೆನ್ನು ಹಾಕಿ ಮನೆಗಳಿದ್ದ ಕಡೆ ನೋಡುತ್ತಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಪೇಟೆಯೊಳಗೆ ನುಗ್ಗಿದಾಗ ಪರಿಹಾರವನ್ನು ಗೋಡೆ, ಚಾವಣಿಗಳ ಲೆಕ್ಕದಲ್ಲಿ ಕೊಟ್ಟರು. ಪಕ್ಕದ ಮನೆ ಯಾವುದು ಎಂಬ ಕಾಲಂ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಮತ್ತೆ ಆ ಕಟ್ಟೆಗೆ ಬರೋಣ. ಮರುದಿನ ಬೆಳಿಗ್ಗೆ, ಎಲೆ ಹಾಕುತ್ತ ಸುಮ್ಮನೆ ಕೂತಿದ್ದ ಐದನೆಯವರು ನನ್ನನ್ನು ಆರನೆಯವರ ಮನೆಗೆ ಕರೆದೊಯ್ದರು. ಅಜ್ಜ ಜಗುಲಿಯ ಮೇಲೆ ಕೂತಿದ್ದರು. ಕಿವಿ ಮಂದ, ಅದು ನಿಜ. ಕಾಲು ಸೊರಗಿದ್ದವು, ಅದೂ ನಿಜ. ಪಾಲಿನ ಜಗಳದ ಮಾತು ತೆಗೆದರೆ ಕೈ ಆಡಿಸಿದರು, ಅದು ಹಳೆಯ ಕತೆ. ಎದುರು ಕೂತು, ನಿಧಾನವಾಗಿ, ಕಟ್ಟೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಗೆಳೆಯನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಹತ್ತಾಕ ಬರೂದಿಲ್ಲೋ. ಹುಡುಗೂರ ಮುಂದ ಎತ್ತಿ ಕುಂದ್ರಸಂತ ಹೇಳ್ಲಿ?"

ಆಗ ಅಗಸಿಗೆ ಹೋಗಿ ಗೇಣು ಹಾಕಿ ನೋಡಿದೆ. ಹಳೆಯ ಕಟ್ಟೆ ಎಷ್ಟಿತ್ತೆಂದು ಬೊಡ್ಡೆಯ ಮೇಲಿನ ಗುರುತು ಹೇಳುತ್ತಿತ್ತು: ಎರಡು ಗೇಣು, ಮೊಣಕಾಲಿನ ಮಟ್ಟ. ಹಿಂದೆ ಸರಿದು ಕೂತರಾಯಿತು. ಹೊಸದು ನಾಲ್ಕು ಗೇಣಿಗೂ ಮೇಲೆ, ಸೊಂಟದ ಸಮ. ಮೆಟ್ಟಿಲಿಲ್ಲ. ಉಳಿದ ಐದು ಮಂದಿ ಅಂಗೈ ಊರಿ, ಜಿಗಿದು, ಗ್ರಾನೈಟಿನ ಮೇಲೆ ಜಾರುತ್ತ ಹೇಗೋ ಹತ್ತುತ್ತಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ. ಹತ್ತು ದಿನ ಹಾಸಿಗೆ ಹಿಡಿದು ಎದ್ದವರಿಗೆ ಆ ಎರಡು ಗೇಣು ದಾಟಲಾಗಲಿಲ್ಲ.

ಸಂಜೆ ಐದನೆಯವರು ಮೊಮ್ಮಗನ ಕೈಯಲ್ಲಿ ತಮ್ಮ ಹಿತ್ತಲಿನಿಂದ ಎರಡು ಕಲ್ಲು ಉರುಳಿಸಿಕೊಂಡು ಬಂದರು. ಬೀಸುಕಲ್ಲಿನ ತಳ ಮತ್ತು ಮೇಲಿನ ಕಲ್ಲು. ಒಂದರ ಮೇಲೊಂದು ಇಟ್ಟು, ಅಲುಗದಂತೆ ಅಡಿಗೆ ಹಂಚಿನ ಚೂರು ಕೊಟ್ಟು, ಬೊಡ್ಡೆಯ ಹತ್ತಿರದ ಜಾಗಕ್ಕೆ ಸರಿಯಾಗಿ ಕೂರಿಸಿದರು. ಆರನೆಯವರು ಗೋಡೆ ಹಿಡಿದು ಬಂದರು. ಕಲ್ಲಿನ ಮೇಲೆ ಒಂದು ಕಾಲಿಟ್ಟು ಒತ್ತಿ ನೋಡಿದರು, ಇನ್ನೊಂದನ್ನು ಎತ್ತಿಟ್ಟರು, ತಿರುಗಿ ಕೂತರು. ಗ್ರಾನೈಟಿನ ಮೇಲೆ ಅಂಗೈ ಆಡಿಸಿ, "ಭಾಳ ಥಂಡಿ ಐತಿ ಇದು," ಎಂದು ಹೆಗಲ ಮೇಲಿನ ಟವಲು ತೆಗೆದು ಹಾಸಿಕೊಂಡರು.